ಟವೆಲ್ ಕೆಳಗಿನ ಮಾತು

ಬ್ಯಾಡಗಿಯ ಸೋಮಣ್ಣನ ಮನೆಯಲ್ಲಿ ಟಿವಿ ನೋಡುವ ಪದ್ಧತಿಯೇ ಬೇರೆ. ಲೋಕವೆಲ್ಲ ಮುಂದೆ ನಿಂತು ಮಾತಾಡುವವರನ್ನು ನೋಡಿದರೆ, ಈ ಮನೆಯವರು ಹಿಂದೆ ಸುಮ್ಮನೆ ಕೂತವರನ್ನು ನೋಡುತ್ತಾರೆ. ಮೊಮ್ಮಗಳು ಸುಶ್ಮಿತಾ ತನ್ನ ಮೊಬೈಲಿನಿಂದ ಟಿವಿಗೆ ‘ದಲಾಲಿ ಅಂಗಡಿ’ಯ ಹೊಸ ಕಂತು ಹಾಕಿ ಕೂತಳೆಂದರೆ, ಅರ್ಧ ತಾಸಿನ ಕಂತು ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿರುತ್ತದೆ. ಮಾತಿಗೊಮ್ಮೆ ನಿಲ್ಲಿಸುತ್ತಾಳೆ, ಹಿಂದಕ್ಕೆ ಓಡಿಸುತ್ತಾಳೆ, ಎದ್ದು ಹೋಗಿ ಟಿವಿಯ ಮೂಲೆಗೆ ಬೆರಳಿಟ್ಟು ತೋರಿಸುತ್ತಾಳೆ.

“ಅಜ್ಜಾ, ಗಡಿಯಾರ ನೋಡು. ಮತ್ತ ಒಂದೂಕಾಲ ಐತಿ.”

‘ದಲಾಲಿ ಅಂಗಡಿ’ ಎಂದರೆ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯ ಆಫೀಸಿನ ಕಥೆ. ಏನೂ ತಿಳಿಯದ ಮ್ಯಾನೇಜರ್ ಒಬ್ಬ, ಎಲ್ಲ ತಿಳಿದೂ ಕೆಲಸ ಮಾಡದ ಗುಮಾಸ್ತರು ನಾಲ್ಕಾರು ಮಂದಿ. ಮುಂದೆ ಅವರ ಜಗಳ, ಜೋಕು ನಡೆಯುತ್ತಿದ್ದರೆ ಹಿಂದೆ ಇನ್ನೊಂದು ಆಟ ನಡೆದಿರುತ್ತದೆ. ಆಫೀಸಿನ ಗಡಿಯಾರ ಸದಾ ಊಟದ ಹೊತ್ತನ್ನೇ ತೋರಿಸುತ್ತದೆ. ಮಾಲೀಕ ಬಂದ ದಿನ ಮಾತ್ರ ಗಾಬರಿಬಿದ್ದು ಓಡುತ್ತದೆ. ಗೋಡೆಯ ಮೇಲಿನ ‘ಇಂದಿನ ದರ’ ಎಂಬ ಬೋರ್ಡಿನಲ್ಲಿ ಮೆಣಸಿನಕಾಯಿಯ ದರವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ: ‘ಚಹಾ ತೇಜಿ, ಮ್ಯಾನೇಜರರ ಮರ್ಯಾದೆ ಮಂದಿ,’ ಅಂದರೆ ಚಹಾ ಏರಿದೆ, ಮರ್ಯಾದೆ ಇಳಿದಿದೆ. ಮಾಲೆ ಹಾಕಿದ ಸ್ಥಾಪಕರ ಫೋಟೋದಲ್ಲಿ ಮೀಸೆ ಕಂತಿನಿಂದ ಕಂತಿಗೆ ಬೆಳೆಯುತ್ತ ಹೋಗುತ್ತದೆ. ಇದರ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ಕಂಡವರಿಗೆ ಕಂಡಿತು, ಕಾಣದವರು ಮ್ಯಾನೇಜರನ ಮಾತಿಗೆ ನಕ್ಕು ಮಲಗುತ್ತಾರೆ.

ಇದೆಲ್ಲಕ್ಕಿಂತ ಜನರಿಗೆ ಹುಚ್ಚು ಹಿಡಿಸಿದ್ದು ಬಾಗಿಲಾಚೆಯ ಕಟ್ಟೆ. ಆ ಕಟ್ಟೆಯ ಮೇಲೆ ಇಬ್ಬರು ಮುದುಕರು ಎದುರುಬದುರು ಕೂತಿರುತ್ತಾರೆ. ಇಬ್ಬರ ಬಲಗೈಯೂ ಒಂದು ಟವೆಲ್ಲಿನ ಕೆಳಗೆ. ದನದ ಸಂತೆಯಲ್ಲಿ ಬೆರಳು ಹಿಡಿದು ರೇಟು ಹೇಳುವ ಹಾಗೆ ಏನೋ ವ್ಯಾಪಾರ ನಡೆಸಿರುತ್ತಾರೆ. ಆಫೀಸಿನಲ್ಲಿ ಬೆಂಕಿ ಬಿದ್ದ ಕಂತಿನಲ್ಲೂ ಅವರು ಏಳಲಿಲ್ಲ, ಮ್ಯಾನೇಜರನ ಮದುವೆ ಮುರಿದ ಕಂತಿನಲ್ಲೂ ಏಳಲಿಲ್ಲ. ಯಾತರ ವ್ಯಾಪಾರ, ಎಷ್ಟಕ್ಕೆ ನಿಂತಿದೆ, ಯಾವಾಗ ಮುಗಿದೀತು ಎಂದು ಮೊಬೈಲಿನಲ್ಲಿ ಸಾವಿರ ಜನ ವಾದಿಸುತ್ತಿದ್ದರು.

ಆ ಇಬ್ಬರಲ್ಲಿ ಬಲಗಡೆಯವನೇ ನಮ್ಮ ಸೋಮಣ್ಣ. ಎಡಗಡೆಯವನು ಐರಣಿಯ ಶಶಿಕಾಂತ. ಈ ಇಬ್ಬರೂ ಹತ್ತು ಹನ್ನೆರಡು ವರ್ಷದಿಂದ ಒಬ್ಬರಿಗೊಬ್ಬರು ಮಾತಾಡಿಲ್ಲ ಎನ್ನುವುದು ಮಾತ್ರ ಯಾವ ಜಾಣ ಪ್ರೇಕ್ಷಕನಿಗೂ ಹೊಳೆದಿರಲಿಲ್ಲ.

ಇದಕ್ಕೆಲ್ಲ ಕಾರಣಳಾದವಳು ಹಾವೇರಿಯ ಜ್ಯೋತ್ಸ್ನಾ. ಧಾರಾವಾಹಿಯ ಸೆಟ್ಟು ಕಟ್ಟುವ ಕೆಲಸ ಅವಳದು, ಹಿಂದಿನ ತುಂಟತನವೆಲ್ಲ ಅವಳದು. ಆ ಮೀಸೆಯ ಫೋಟೋ ಅವಳ ಸೋದರಮಾವ ಗಂಗಾಧರರದ್ದು. ಅವರು ಇನ್ನೂ ಕಲ್ಲಿನ ಹಾಗೆ ಗಟ್ಟಿಯಾಗಿ ಬದುಕಿದ್ದಾರೆ. ಒಮ್ಮೆ ಶೂಟಿಂಗ್ ನೋಡಲು ಬಂದವರು ತಮ್ಮ ಫೋಟೋಕ್ಕೆ ಸತ್ತವರ ಮಾಲೆ ಬಿದ್ದದ್ದು ನೋಡಿ ಚಹಾ ಸಹ ಕುಡಿಯದೆ ಹೊರಟುಹೋದರಂತೆ. ಅಂಥ ಹುಡುಗಿ, ಹಳೇ ತಕ್ಕಡಿ, ಗೋಣಿಚೀಲ ಹುಡುಕುತ್ತ ಬ್ಯಾಡಗಿಯ ಪೇಟೆಗೆ ಬಂದಾಗ ಸೋಮಣ್ಣನ ಕೈಗೆ ಸಿಕ್ಕಳು. ಮುದುಕನಿಗೆ ಹೊತ್ತು ಹೋಗುತ್ತಿರಲಿಲ್ಲ, ಹುಡುಗಿ ಕಿವಿ ಕೊಟ್ಟು ಕೇಳಿದಳು. ತಾನು ಒಂದು ಕಾಲಕ್ಕೆ ದನದ ದಲ್ಲಾಳಿಯಾಗಿದ್ದೆ ಎಂದು ಹೇಳಿ, ಹೆಗಲ ಮೇಲಿನ ಟವೆಲ್ ಹಾಸಿ, ಅವಳ ಬೆರಳು ಹಿಡಿದು ಒಂದು ಆಕಳಿನ ರೇಟು ಹೇಳಿ ತೋರಿಸಿದ.

“ಸುತ್ತ ನೂರು ಮಂದಿ ನಿಂತಿರ್ತಾರವ್ವಾ. ರೇಟು ಮಾತ್ರ ಇಬ್ರಿಗೇ ಗೊತ್ತು. ಟವೆಲ್ ಕೆಳಗ ಆಡಿದ ಮಾತು ಸತ್ತರೂ ಹೊರಗ ಹೇಳಬಾರದು. ಅದ ಈ ಧಂದೇದ ಮರ್ಯಾದಿ.”

“ವ್ಯಾಪಾರ ಕೂಡಿದ್ರ?”

“ಎದುರಿನಾಂವನ ಐದೂ ಬೆರಳು ಒಟ್ಟಿಗೆ ಹಿಡದು ಒತ್ತೂದು. ಆಮ್ಯಾಲ ಟವೆಲ್ ತಗದು ಎಲ್ಲಾರಿಗೂ ಕೇಳೂ ಹಂಗ ‘ಕೂಡ್ತು’ ಅನ್ನೂದು. ಕೂಡಲಿಲ್ಲಂದ್ರ ‘ಒಲ್ಲೆ’ ಅಂತ ಬಾಯಿಬಿಟ್ಟು ಹೇಳಿ ಕೈ ತಗೀಬೇಕು.”

“ಏನೂ ಹೇಳದ ಕೈ ತಗದ್ರ?”

ಸೋಮಣ್ಣ ಎದ್ದು ನಿಂತ. ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ.

ಉತ್ತರ ಅವನಿಗೆ ಗೊತ್ತಿತ್ತು, ಬೇಕಾದ್ದಕ್ಕಿಂತ ಚೆನ್ನಾಗಿ ಗೊತ್ತಿತ್ತು. ಏನೂ ಹೇಳದೆ ಕೈ ತೆಗೆದರೆ ಎದುರಿನವನ ಮುಖಕ್ಕೆ ಉಗುಳಿದ ಹಾಗೆ. ಅವನು ಶಶಿಕಾಂತನಿಗೆ ಅದನ್ನೇ ಮಾಡಿದ್ದ.

ಸೋಮಣ್ಣ, ಶಶಿಕಾಂತ ಇಬ್ಬರೂ ಕೂಡಿಯೇ ದಲ್ಲಾಳಿಕೆ ಮಾಡುತ್ತಿದ್ದ ಕಾಲವದು. ಸುತ್ತಲಿನ ಸಂತೆಗಳಲ್ಲಿ ಇವರಿಬ್ಬರಿಗೆ ‘ಜೋಡೆತ್ತು’ ಎಂದೇ ಹೆಸರು. ಒಂದು ಮುಂಗಾರಿನ ಮುಂಚೆ, ಇನ್ನೇನು ಬಿತ್ತನೆ ಹತ್ತಿರ ಬಂದಾಗ, ಕದರಮಂಡಲಗಿ ಹಾದಿಯ ಹೊಲದಲ್ಲಿ ಬೇವಿನ ಗಿಡದ ಕೆಳಗೆ ಕಟ್ಟಿದ್ದ ಸೋಮಣ್ಣನ ಎರಡೂ ಎತ್ತು ಸಿಡಿಲು ಬಡಿದು ಸತ್ತವು. ಊರವರೆಲ್ಲ ಬಂದು ಲೊಚಗುಟ್ಟಿದರು. ಬಂದವರೆಲ್ಲ ಅವನ ಭುಜದ ಮೇಲೆ ಕೈಯಿಟ್ಟರು. ಸೋಮಣ್ಣನಿಗೆ ಎತ್ತು ಸತ್ತ ದುಃಖಕ್ಕಿಂತ ಆ ಕೈಗಳ ಭಾರವೇ ಹೆಚ್ಚಾಯಿತು. ನನ್ನ ಎತ್ತು ಸತ್ತಿವೆ, ನಾನು ಸತ್ತಿಲ್ಲ ಎಂದು ಕೂಗಬೇಕೆನಿಸುತ್ತಿತ್ತು.

ಆ ವರ್ಷವೇ ಶಶಿಕಾಂತ ಟ್ರ್ಯಾಕ್ಟರ್ ತಂದಿದ್ದ, ತನ್ನ ಎತ್ತಿನ ಜೋಡಿ ಮಾರುವವನಿದ್ದ. ಬೆಳ್ಳಗೆ ಹೊಳೆಯುವ ಜೋಡಿ, ಕರುವಿದ್ದಾಗಿಂದ ಕೈಯಾರೆ ಮೇಯಿಸಿದ್ದು. ಸೋಮಣ್ಣ ಐರಣಿಗೆ ಹೋದ. ಶಶಿಕಾಂತನ ಮನೆಯ ಮುಂದಿನ ಕಟ್ಟೆಯ ಮೇಲೆ, ಸಂತೆಯ ಹತ್ತಾರು ದಲ್ಲಾಳಿಗಳ ಎದುರಿಗೆ, ಇಬ್ಬರೂ ಟವೆಲ್ ಹಾಸಿ ಕೂತರು. ಹೆಚ್ಚು ಬೆರಳು ಹಿಡಿದರೆ ಹೆಚ್ಚು ರೇಟು; ಅಂಥ ಜೋಡಿಗೆ ಎರಡೂ ಕೈಯ ಬೆರಳು ಸಾಲುತ್ತಿರಲಿಲ್ಲ. ಶಶಿಕಾಂತ ಹಿಡಿದದ್ದು ಎರಡೇ ಎರಡು ಬೆರಳು. ಆ ರೇಟಿಗೆ ಒಂದು ಕರು ಸಹ ಬರುತ್ತಿರಲಿಲ್ಲ.

ಪುಕ್ಕಟೆ ಕೊಟ್ಟರೆ ಗೆಳೆಯ ಒಲ್ಲೆ ಅಂದಾನು ಎಂದು ಅವನು ಯಾರಿಗೂ ಕಾಣದ ಹಾಗೆ ಟವೆಲ್ಲಿನ ಕೆಳಗೆ ಕೊಟ್ಟಿದ್ದ. ಸೋಮಣ್ಣನಿಗೆ ಮಾತ್ರ ಊರವರ ಕೈಗಳೆಲ್ಲ ಒಟ್ಟಾಗಿ ತನ್ನ ಬೆರಳು ಹಿಡಿದಂತೆ ಅನಿಸಿ ಮೈ ಉರಿದುಹೋಯಿತು. ನೀನೂ ಅಯ್ಯೋ ಪಾಪ ಅಂದೆಯಾ? ಹೂಂ ಅನ್ನಲಿಲ್ಲ, ಒಲ್ಲೆ ಅನ್ನಲಿಲ್ಲ. ಕೈ ಕಿತ್ತುಕೊಂಡು ಎದ್ದು ನಡೆದುಬಿಟ್ಟ.

ನೋಡುತ್ತ ನಿಂತವರು ತಮಗೆ ತಿಳಿದಂತೆ ಲೆಕ್ಕ ಹಾಕಿದರು. ಕಡಿಮೆ ರೇಟು ಹೇಳಿದರೆ ಯಾರಾದರೂ ಕೈ ಕಿತ್ತುಕೊಳ್ಳುತ್ತಾರೆಯೇ? ಈ ಶಶಿಕಾಂತ ಕಷ್ಟದಲ್ಲಿದ್ದ ಗೆಳೆಯನನ್ನೇ ಸುಲಿಯಲು ಹೋದ ಎಂದರು. ಮಾತು ಸಂತೆಯಿಂದ ಸಂತೆಗೆ ಹಬ್ಬಿತು. ಅವನನ್ನು ವ್ಯಾಪಾರಕ್ಕೆ ಕರೆಯುವುದು ಬಿಟ್ಟರು. ಶಶಿಕಾಂತ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಟವೆಲ್ ಕೆಳಗಿನ ಮಾತಲ್ಲವೇ? ಸೋಮಣ್ಣನಂತೂ ಮೊದಮೊದಲು ಸಿಟ್ಟಿಗೆ ಹೇಳಲಿಲ್ಲ, ಆಮೇಲೆ ನಾಚಿಕೆಗೆ ಹೇಳಲಿಲ್ಲ, ಕೊನೆಗೆ ಹೊತ್ತು ಮೀರಿತೆಂದು ಹೇಳಲಿಲ್ಲ. ಹೀಗೆ ಒಬ್ಬ ಮನುಷ್ಯ ತಾನು ಮಾಡಿದ ಉಪಕಾರಕ್ಕಾಗಿಯೇ ಹೆಸರು ಕೆಡಿಸಿಕೊಂಡು ಹೊಲದ ಮೂಲೆ ಸೇರಿದ.

ಜ್ಯೋತ್ಸ್ನಾಗೆ ಈ ಪುರಾಣವೇನೂ ಗೊತ್ತಿಲ್ಲ. ಕಟ್ಟೆಯ ಮೇಲೆ ಸೋಮಣ್ಣನ ಎದುರಿಗೆ ಕೂಡಿಸಲು ಇನ್ನೊಬ್ಬ ಹಿರಿಯ ಬೇಕೆಂದು ರಾಣೆಬೆನ್ನೂರಿನ ದನದ ಸಂತೆಗೆ ಹೋಗಿದ್ದಾಳೆ. ಅಲ್ಲಿ ವ್ಯಾಪಾರವಿಲ್ಲದಿದ್ದರೂ ವಾರ ತಪ್ಪದೆ ಬಂದು ಗಿಡದ ಕೆಳಗೆ ಒಬ್ಬನೇ ಕೂರುವ ಮುದುಕ ಕಂಡಿದ್ದಾನೆ. ಕರೆತಂದಿದ್ದಾಳೆ.

ರಾಣೆಬೆನ್ನೂರಿನ ಹಳೇ ಹತ್ತಿ ಗೋದಾಮಿನಲ್ಲಿ ಹಾಕಿದ್ದ ಸೆಟ್ಟಿಗೆ ಮೊದಲ ದಿನ ಸೋಮಣ್ಣ ಹೊಸ ಧೋತರ ಉಟ್ಟು ಹೋದ. ಕಟ್ಟೆಯ ಎಡಗಡೆ ಕೂತಿದ್ದ ಶಶಿಕಾಂತನನ್ನು ನೋಡಿ ಅವನ ಕಾಲು ಅಲ್ಲೇ ನಿಂತವು. ಶಶಿಕಾಂತ ಸೊರಗಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಿರುಗಿ ಹೋಗಿಬಿಡೋಣವೆಂದು ಸೋಮಣ್ಣನಿಗೆ ಅನಿಸಿತು. ಹೋದರೆ ಇನ್ನೊಮ್ಮೆ ಕೈ ಕಿತ್ತುಕೊಂಡ ಹಾಗಾಗುತ್ತದೆ ಎಂದೂ ಅನಿಸಿತು. ಕೂತ.

“ಮುತ್ಯಾ, ನೀವಿಬ್ರೂ ಸುಮ್ನ ಕೈ ಹಿಡಕೊಂಡು ಕೂಡ್ರಿ. ಮಾತು ಬ್ಯಾಡ. ಕ್ಯಾಮೆರಾ ಕಡೆ ನೋಡಬ್ಯಾಡ್ರಿ,” ಎಂದ ನಿರ್ದೇಶಕ ಕೌಸ್ತುಭ. ಅವನೂ ಹಾವೇರಿಯವನೇ, ಸದಾ ಅವಸರದ ಮನುಷ್ಯ.

ಮಾತು ಬೇಡವೆಂದದ್ದು ಇಬ್ಬರಿಗೂ ಒಳ್ಳೆಯದೇ ಆಯಿತು. ಮೊದಲ ದಿನ ಟವೆಲ್ಲಿನ ಕೆಳಗೆ ಎರಡು ಕೈಗಳು ಪರಊರಿನ ಪ್ರಯಾಣಿಕರ ಹಾಗೆ ಒಂದರ ಪಕ್ಕ ಒಂದು ಸುಮ್ಮನೆ ಕೂತವು. ಮರುದಿನ ಮೊದಲ ಶಾಟ್ ಶುರುವಾದೊಡನೆ ಶಶಿಕಾಂತನ ಕೈ ಮೆಲ್ಲಗೆ ಬಂದು ಸೋಮಣ್ಣನ ಎರಡು ಬೆರಳು ಹಿಡಿಯಿತು. ಎರಡೇ ಎರಡು. ಒಮ್ಮೆ ಒತ್ತಿ ಬಿಟ್ಟಿತು. ಶಶಿಕಾಂತ ಅವನ ಮುಖ ನೋಡದೆ ದೂರದ ಗೋಣಿಚೀಲ ನೋಡುತ್ತಿದ್ದ.

ಅಂದಿನಿಂದ ಶೂಟಿಂಗ್ ಇದ್ದ ಪ್ರತಿ ದಿನವೂ ಅಷ್ಟೇ. ಮೊದಲ ಶಾಟಿನಲ್ಲಿ ಎರಡು ಬೆರಳು, ಒಂದೇ ಸಲ. ಆಮೇಲೆ ಸಂಜೆಯ ತನಕ ಕೈ ಸುಮ್ಮನೆ. ನನ್ನನ್ನು ಹಂಗಿಸುತ್ತಿದ್ದಾನೆ ಎಂದು ಸೋಮಣ್ಣ ಕೆಲವು ವಾರ ಕುದಿದ. ಹಂಗಿಸುವ ಹಿಡಿತ ಹಾಗಿರುವುದಿಲ್ಲ ಎಂದು ದಲ್ಲಾಳಿಯ ಕೈಗೆ ಮೊದಲೇ ಗೊತ್ತಾಗಿತ್ತು, ತಲೆಗೆ ಗೊತ್ತಾಗಲು ತಡವಾಯಿತು. ಹೂಂ ಎಂದೋ ಒಲ್ಲೆ ಎಂದೋ ಉತ್ತರ ಬರುವ ತನಕ ಹೇಳಿದ ರೇಟು ಬಿದ್ದುಹೋಗುವುದಿಲ್ಲ. ಶಶಿಕಾಂತನ ರೇಟು ಇನ್ನೂ ನಿಂತೇ ಇತ್ತು. ಅವನು ಉತ್ತರ ಕೇಳುತ್ತಿದ್ದ.

ಉತ್ತರ ಕೊಡುವ ಧೈರ್ಯ ಸೋಮಣ್ಣನಿಗಿರಲಿಲ್ಲ. ಸಂಜೆ ಬಸ್ಸಿನಲ್ಲಿ ಬರುವಾಗ ಹಾದಿಯಲ್ಲಿನ ಕದರಮಂಡಲಗಿಯ ಗುಡಿಯ ಹನುಮಪ್ಪನಿಗೆ ಕೈ ಮುಗಿದು, ನಾಳೆ ಹೇಳುತ್ತೇನೆ ಎನ್ನುತ್ತಿದ್ದ. ಬೆಳಿಗ್ಗೆ ಹೋಗುವಾಗ ಅದೇ ಹನುಮಪ್ಪನ ಕಡೆ ನೋಡದೆ ಇನ್ನೊಂದು ಕಿಟಕಿಯ ಕಡೆ ಕೂರುತ್ತಿದ್ದ.

ಅಷ್ಟರಲ್ಲಿ ಜ್ಯೋತ್ಸ್ನಾ ಸುದ್ದಿ ಹೇಳಿದಳು. ಧಾರಾವಾಹಿ ಇನ್ನೊಂದೇ ಕಂತಿಗೆ ಮುಗಿಯುತ್ತದೆ. ಆ ಕೊನೆಯ ಕಂತಿನಲ್ಲಿ ಟವೆಲ್ಲಿನ ಗುಟ್ಟು ಒಡೆಯುವುದು ಎಂದು ಕೌಸ್ತುಭ ಠರಾಯಿಸಿದ್ದಾನೆ. ಮ್ಯಾನೇಜರ್ ಫ್ಯಾನ್ ಹಾಕುತ್ತಾನೆ, ಟವೆಲ್ ಹಾರುತ್ತದೆ, ನೋಡಿದರೆ ಕೆಳಗೆ ಇಬ್ಬರ ಕೈಯಲ್ಲೂ ಅರ್ಧರ್ಧ ಚಕ್ಕುಲಿ. ಇಷ್ಟು ದಿನ ಇವರು ವ್ಯಾಪಾರ ಮಾಡುತ್ತಿರಲಿಲ್ಲ, ಕದ್ದು ಚಕ್ಕುಲಿ ತಿನ್ನುತ್ತಿದ್ದರು.

“ಮಂದಿ ಬಿದ್ದು ಬಿದ್ದು ನಗ್ತಾರ ನೋಡ್ರಿ,” ಎಂದಳು ಜ್ಯೋತ್ಸ್ನಾ.

ಸೋಮಣ್ಣ ನಗಲಿಲ್ಲ. ಟವೆಲ್ ಹಾರಿದ ಮೇಲೆ ಅವನು ಬ್ಯಾಡಗಿ ಬಸ್ಸು, ಶಶಿಕಾಂತ ಐರಣಿ ಬಸ್ಸು. ಈ ವಯಸ್ಸಿನಲ್ಲಿ ಆ ಎರಡು ಕೈ ಮತ್ತೊಮ್ಮೆ ಒಂದು ಟವೆಲ್ಲಿನ ಕೆಳಗೆ ಬರುವ ಹಾಗಿಲ್ಲ.

ಆ ಶನಿವಾರ ಮನೆಯಲ್ಲಿ ಹೆಂಡತಿ ಮುತ್ತವ್ವ ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಸುಶ್ಮಿತಾ ಮೊಬೈಲಿನಲ್ಲಿ ಜನ ಬರೆದದ್ದನ್ನು ಓದಿ ಹೇಳುತ್ತಿದ್ದಳು. ಒಬ್ಬ ಮೀಸೆ ಅಳೆದಿದ್ದ, ಇನ್ನೊಬ್ಬ ಗಡಿಯಾರದ ಸೆಲ್ ಯಾವ ಕಂಪನಿಯದೆಂದು ಕಂಡುಹಿಡಿದಿದ್ದ.

“ಇದನ್ನ ಕೇಳಜ್ಜಾ. ‘ಎಡಗಡೆ ಕುಂತ ಮುದಕಪ್ಪ ನಮ್ಮ ಐರಣಿ ಕಡೆಯಾಂವ. ಕಷ್ಟದಾಗಿದ್ದ ಗೆಳೆಯಾಗೂ ರೇಟ್ ಇಳಿಸದ ಆಸಾಮಿ. ಇವನ ಕೂಡ ವ್ಯಾಪಾರ ಏಳು ಜನ್ಮಕ್ಕೂ ಮುಗಿಯೂದಿಲ್ಲ.’ ಇದಕ್ಕ ಎಷ್ಟ ಮಂದಿ ನಕ್ಕಾರ ನೋಡಜ್ಜಾ.”

“ಬರದಾಂವ ಖರೇನ ಬರದಾನ,” ಎಂದಳು ಮುತ್ತವ್ವ, ತಲೆ ಎತ್ತದೆ.

ಇಷ್ಟು ದಿನ ನಾಲ್ಕು ಸಂತೆಯಲ್ಲಿ ಓಡಾಡುತ್ತಿದ್ದ ಸುಳ್ಳು ಈಗ ನಾಡಿನ ತುಂಬ ಓಡಾಡತೊಡಗಿತ್ತು. ಅದೂ ನಗೆಯ ವೇಷ ಹಾಕಿಕೊಂಡು.

“ಸುಳ್ಳದು,” ಎಂದ ಸೋಮಣ್ಣ.

“ಯಾವುದು ಸುಳ್ಳು?”

“ಅಂವ ಹೆಚ್ಚು ಕೇಳಲಿಲ್ಲ. ಎರಡ ಬೆರಳು ಹಿಡದಿದ್ದ. ಪುಕ್ಕಟೆ ಕೊಟ್ಟಂಗ. ನನಗ ಅದ ತಡಕೊಳ್ಳಾಕ ಆಗಲಿಲ್ಲ.”

ಮುತ್ತವ್ವನ ಕೈಯಲ್ಲಿದ್ದ ಮೆಣಸಿನಕಾಯಿ ಹಾಗೇ ನಿಂತಿತು. ಸುಶ್ಮಿತಾ ಮೊಬೈಲು ಕೆಳಗಿಟ್ಟಳು. ಮುತ್ತವ್ವ ಮಾತಾಡಿದಳು. ದನಿ ಏರಿರಲಿಲ್ಲ. ಏರಿದ್ದರೆ ಸೋಮಣ್ಣನಿಗೆ ತುಸು ಹಗುರಾಗುತ್ತಿತ್ತು.

“ಇಷ್ಟ ವರ್ಷ ನಾ ಆ ಮನುಷ್ಯಾಗ ಬೈಕೋತ ಕುಂತೀನಿ. ಅವನ ಹೇಂತಿ ರುದ್ರವ್ವ ಸತ್ತಾಗ ಮುಖಾ ನೋಡಾಕೂ ಹೋಗಲಿಲ್ಲ. ಅಕಿ ನನ್ನ ಬಾಣಂತನ ಮಾಡಿದಾಕಿ. ನಿನ್ನ ಸೊಕ್ಕಿಗೆ ನನ್ನ ಬಾಯಾಗೂ ಪಾಪ ಹಾಕಿದೆಲ್ಲೋ.”

ಸೋಮಣ್ಣ ತಲೆ ತಗ್ಗಿಸಿದ. ಮುತ್ತವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಹೋಗಿ, ಕೈಗೆ ಖಾರ ಹತ್ತಿದ್ದು ನೆನಪಾಗಿ ಸುಮ್ಮನಾದಳು. ನೀರು ತಾನಾಗಿಯೇ ಇಳಿಯಿತು.

“ನನಗ ಹೇಳಿದ್ರ ಆಗೂದಿಲ್ಲ,” ಎಂದಳು ಕೊನೆಗೆ. “ಅವತ್ತ ಯಾರ ನಿಂತ ನೋಡಿದ್ರೋ ಅವರಿಗೆ ಹೇಳು.”

ಮರುದಿನ ಬೆಳಿಗ್ಗೆ ಸೋಮಣ್ಣ ಜ್ಯೋತ್ಸ್ನಾಗೆ ಫೋನ್ ಮಾಡಿದ. ಕೊನೆಯ ಕಂತಿನಲ್ಲಿ ಅಂಗಡಿಯ ಮುಂದೆ ಜನ ನೆರೆಯುವ ದೃಶ್ಯವಿದೆ, ಒಂದಿಷ್ಟು ಹಿರಿಯರು ಬೇಕು ಎಂದು ಅವಳು ಹಿಂದೆಯೇ ಹೇಳಿದ್ದಳು. “ಆ ಮಂದೀನ ನಾ ಕರಕೊಂಡ ಬರ್ತೇನ್ವಾ,” ಎಂದ. ಆಮೇಲೆ ಬಸ್ಸು ಹತ್ತಿ ಊರೂರು ಅಲೆದ. ಅಂದು ಶಶಿಕಾಂತನ ಕಟ್ಟೆಯ ಮುಂದೆ ನಿಂತಿದ್ದ ದಲ್ಲಾಳಿಗಳಲ್ಲಿ ಬದುಕಿದ್ದವರನ್ನೆಲ್ಲ ಹುಡುಕಿದ. ದೇವರಗುಡ್ಡದವನೊಬ್ಬನಿಗೆ ಕಣ್ಣು ಕಾಣುತ್ತಿರಲಿಲ್ಲ. “ಕಿವಿ ಕೇಳ್ತಾವಲ್ಲ, ಸಾಕು ಬಾ,” ಎಂದ. ಟಿವಿಯಲ್ಲಿ ಬರುತ್ತೇವೆಂದು ಎಲ್ಲರೂ ಕ್ಷೌರ ಮಾಡಿಸಿಕೊಂಡು ತಯಾರಾದರು.

ಕೊನೆಯ ದಿನ ಗೋದಾಮಿನಲ್ಲಿ ಜಾತ್ರೆಯೇ ನೆರೆದಿತ್ತು. ಜ್ಯೋತ್ಸ್ನಾ ಟವೆಲ್ಲಿನ ತುದಿಗೆ ಕಾಣದ ದಾರ ಕಟ್ಟಿ, ಚಕ್ಕುಲಿ ಮುರಿದು ಇಬ್ಬರ ಕೈಗೂ ಕೊಡಲು ಬಂದಳು. ಶಶಿಕಾಂತ ಕೈ ಮುಂದೆ ಮಾಡಲಿಲ್ಲ.

“ವ್ಯಾಪಾರ ಮುಗಿಯೂ ತನಕ ಟವೆಲ್ ತಗಿಯೂದಿಲ್ಲವ್ವಾ,” ಎಂದ ಅವಳಿಗೆ.

ಕೌಸ್ತುಭ ಓಡಿ ಬಂದ. “ಮುತ್ಯಾ, ಇದು ಖರೇ ವ್ಯಾಪಾರ ಅಲ್ರಿ. ಕಾಮಿಡಿ ಅದ. ಎಲ್ಲಾರೂ ಇದನ್ನ ಕಾಯ್ಲಿಕತ್ತಾರ.”

“ಕಾಯಲಿ. ನಾನೂ ಕಾಯಾಕತ್ತೇನಿ.”

ಕೌಸ್ತುಭನಿಗೆ ತಲೆಬುಡ ತಿಳಿಯಲಿಲ್ಲ. ಲೈಟಿನವರು ಗೊಣಗಿದರು. ಆಗ ಸೋಮಣ್ಣ ಗಂಟಲು ಸರಿಮಾಡಿಕೊಂಡ.

“ಸರ್ರ, ಚಕ್ಕಲಿ ಅಲ್ಲೇ ಬಾಜೂಕ ಇಡ್ರಿ. ದಾರ ಬಿಚ್ಚರಿ. ನೀವು ಶಾಟ್ ತಗೊಳ್ರಿ, ಟವೆಲ್ ನಾ ತಗೀತೇನಿ.”

ಹೊತ್ತಾಗಿತ್ತು, ಜನರನ್ನು ಹಿಡಿದು ನಿಲ್ಲಿಸುವುದು ಕಷ್ಟವಾಗಿತ್ತು. ಹೇಗಾದರೂ ಟವೆಲ್ ಹೋದರೆ ಸಾಕೆಂದು ಕೌಸ್ತುಭ ಒಪ್ಪಿ ಶಾಟ್ ಶುರುಮಾಡಿದ. ಮ್ಯಾನೇಜರನ ಪಾತ್ರದ ಹೇಮಂತ ಮುಂದೆ ನಿಂತು ಗುಮಾಸ್ತರಿಗೆ ದೊಡ್ಡ ಭಾಷಣ ಬಿಗಿಯತೊಡಗಿದ. ಹಿಂದೆ ಕಟ್ಟೆಯ ಸುತ್ತ ಹಳೇ ದಲ್ಲಾಳಿಗಳು ನಿಂತಿದ್ದರು, ಅಂದು ನಿಂತಿದ್ದ ಹಾಗೆಯೇ.

ಟವೆಲ್ಲಿನ ಕೆಳಗೆ ಶಶಿಕಾಂತನ ಕೈ ಬಂತು. ಎರಡು ಬೆರಳು ಹಿಡಿಯಿತು.

ಸೋಮಣ್ಣ ಈ ಸಲ ಸುಮ್ಮನಿರಲಿಲ್ಲ. ಆ ಕೈಯ ಐದೂ ಬೆರಳನ್ನು ಒಟ್ಟಿಗೆ ಹಿಡಿದ. ಒಣಗಿದ, ಗಂಟು ಬಿದ್ದ ಬೆರಳು. ಹಿಡಿದು ಬಲವಾಗಿ ಒತ್ತಿದ. ಗೋಣಿಚೀಲ ನೋಡುತ್ತಿದ್ದ ಶಶಿಕಾಂತ ಮೊದಲ ಬಾರಿಗೆ ತಿರುಗಿ ಅವನ ಮುಖ ನೋಡಿದ.

ಸೋಮಣ್ಣ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು ಎದ್ದು ನಿಂತ. ಹಿಡಿದ ಕೈ ಬಿಡಲಿಲ್ಲ.

“ಕೇಳ್ರಿ ಎಲ್ಲಾರೂ,” ಎಂದ, ಸಂತೆಯ ಆ ಹಳೇ ದನಿಯಲ್ಲಿ. “ಅವತ್ತ ಐರಣಿಯೊಳಗ ಇಂವ ನನಗ ಎತ್ತಿನ ಜೋಡಿಗೆ ಹೇಳಿದ್ದು ಎರಡ ಬೆರಳು. ಕರಾನೂ ಬರೂದಿಲ್ಲ ಆ ರೇಟಿಗೆ. ನನಗ ಬಿತ್ತಾಕ ಎತ್ತಿರಲಿ ಅಂತ ಹೇಳಿದ್ದ. ಸೊಕ್ಕಿಲೆ ಕೈ ಕಿತ್ತಾಂವ ನಾನು. ನೀವು 'ಸುಲಿಗೆಕೋರ' ಅಂದದ್ದು ಇವನ್ನ. ಅಂದಾಗ ನಾ ಸುಮ್ನಿದ್ದೆ. ಇವನೂ ಸುಮ್ನಿದ್ದ. ಇವತ್ತ ಇವನ ರೇಟು ನಾ ಒಪ್ಪೇನಿ. ಕೂಡ್ತು.”

ದೇವರಗುಡ್ಡದ ಕಣ್ಣು ಕಾಣದ ಮುದುಕ ತಲೆಯ ಮೇಲಿನ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನನ್ನು ನೋಡಿ ಪಕ್ಕದವನೂ ತೆಗೆದ. ಕೌಸ್ತುಭ ಕಟ್ ಅನ್ನಲು ಬಾಯಿ ತೆರೆದವನು ಹಾಗೇ ನಿಂತ. ಹೇಮಂತನೊಬ್ಬ ಅಪ್ಪಟ ನಟ, ಇದೂ ಆಟದ ಭಾಗವೆಂದುಕೊಂಡು ಹಿಂದಕ್ಕೆ ತಿರುಗಿ, “ಯಜಮಾನ್ರ, ಎತ್ತು ಆಫೀಸ್ನಾಗ ತರಬ್ಯಾಡ್ರಿ. ಇಲ್ಲಿ ಆಗಲೇ ಬೇಕಾದಷ್ಟು ಅದಾವ,” ಎಂದು ಗುಮಾಸ್ತರ ಕಡೆ ಕೈ ತೋರಿಸಿದ.

ಶಾಟ್ ಮುಗಿಯಿತು. ಶಶಿಕಾಂತ ಇನ್ನೂ ಕೂತೇ ಇದ್ದ. ಸೋಮಣ್ಣ ಬಗ್ಗಿ ಅವನ ಬಾಯಿಂದ ಏನು ಬರುತ್ತದೋ ಎಂದು ಕಾದ.

“ಟವೆಲ್ ಕೆಳಗಿನ ಮಾತು ಹೊರಗ ಹೇಳಬಾರದಲೇ, ಸೋಮ್ಯಾ,” ಎಂದ ಶಶಿಕಾಂತ. “ಇಷ್ಟ ವಯಸ್ಸಾತು, ಧಂದೇದ ರೀತಿ ಕಲೀಲಿಲ್ಲ ನೀ.”

ಇಷ್ಟು ವರ್ಷದ ಮೇಲೆ ಗೆಳೆಯ ಆಡಿದ ಮೊದಲ ಮಾತು ಬೈಗುಳವಾಗಿತ್ತು. ಸೋಮಣ್ಣನಿಗೆ ಅಷ್ಟು ಖುಷಿಯಾಗಿ ಎಷ್ಟೋ ಕಾಲವಾಗಿತ್ತು.

ಕಂತು ಟಿವಿಯಲ್ಲಿ ಬಂದ ಶನಿವಾರ ಬ್ಯಾಡಗಿಯ ಮನೆಗೆ ಬೀಗ ಬಿದ್ದಿತ್ತು. ಮೂವರೂ ಐರಣಿಯಲ್ಲಿ ಶಶಿಕಾಂತನ ಮನೆಯಲ್ಲಿದ್ದರು. ಮುತ್ತವ್ವ ಬಂದವಳೇ ಮಲ್ಲಿಗೆಯ ದಂಡೆಯನ್ನು ರುದ್ರವ್ವನ ಫೋಟೋಕ್ಕೆ ಹಾಕಿ, ಅದರ ಮುಂದೆ ಕೂತವಳು ಅರ್ಧ ತಾಸು ಏಳಲಿಲ್ಲ. ಅವಳು ಏನು ಹೇಳಿಕೊಂಡಳೋ ಯಾರೂ ಕೇಳಲಿಲ್ಲ. ಆಮೇಲೆ ಶಶಿಕಾಂತನ ಸೊಸೆ ಶೈಲಶ್ರೀ ಕೈಹಿಡಿದು ಎಬ್ಬಿಸಿ ಅಡುಗೆಮನೆಗೆ ಕರೆದೊಯ್ದಳು.

ಸುಶ್ಮಿತಾ ಎಂದಿನಂತೆ ನಿಲ್ಲಿಸಿ ನಿಲ್ಲಿಸಿ ತೋರಿಸಿದಳು. ಕೊನೆಯ ಕಂತಿನಲ್ಲಿ ಗಡಿಯಾರ ಒಂದೂವರೆಗೆ ಬಂದಿತ್ತು. ಮೀಸೆ ಫೋಟೋದ ಚೌಕಟ್ಟು ದಾಟಿತ್ತು. ಹಿಂದಿನ ಕಟ್ಟೆಯ ದೃಶ್ಯವನ್ನು ಕೌಸ್ತುಭ ಹಾಗೇ ಉಳಿಸಿಕೊಂಡಿದ್ದ. ಮೈಕು ಮುಂದಿದ್ದುದರಿಂದ ಸೋಮಣ್ಣನ ಮಾತಿನಲ್ಲಿ ‘ಎತ್ತು’, ‘ಕೂಡ್ತು’ ಎಂಬೆರಡೇ ಸ್ಪಷ್ಟವಾಗಿ ಕೇಳಿಸಿದವು. ನಾಡಿನ ಜನ ಹೇಮಂತನ ಮಾತಿಗೆ ಹೊಟ್ಟೆ ಹಿಡಿದು ನಕ್ಕರು. ಅಂತೂ ಎತ್ತಿನ ವ್ಯಾಪಾರವೆಂದು ಗೊತ್ತಾಯಿತು ಎಂದು ಮೊಬೈಲಿನಲ್ಲಿ ಬರೆದರು. ಅವರಿಗೆ ಕೇಳಿಸದ ಮಾತು ಕೇಳಿಸಬೇಕಾದವರಿಗೆಲ್ಲ ಕೇಳಿಸಿತ್ತು. ಆ ವಾರ ರಾಣೆಬೆನ್ನೂರಿನ ಸಂತೆಯಲ್ಲಿ ಒಂದು ಆಕಳಿನ ರೇಟು ಬಗೆಹರಿಸಲು ಶಶಿಕಾಂತನನ್ನು ಗಿಡದ ಕೆಳಗಿಂದ ಕರೆದೊಯ್ದಿದ್ದರು.

ಮುದುಕರಿಬ್ಬರೂ ಟಿವಿಯ ಮುಂದೆ ಕೂತು ಚಕ್ಕುಲಿ ತಿನ್ನುತ್ತಿದ್ದರು. ಸೆಟ್ಟಿನಲ್ಲಿ ಉಳಿದಿದ್ದ ಚಕ್ಕುಲಿಯನ್ನೆಲ್ಲ ಜ್ಯೋತ್ಸ್ನಾ ಕಟ್ಟಿಕೊಟ್ಟಿದ್ದಳು.

“ನನ್ನ ಆ ಜೋಡಿ ಎತ್ತು ಸತ್ತು ಭಾಳ ದಿನಾ ಆತು,” ಎಂದ ಶಶಿಕಾಂತ, ಟಿವಿಯಿಂದ ಕಣ್ಣು ತೆಗೆಯದೆ.

“ಗೊತ್ತೈತಿ.”

“ಕೊಡಾಕ ನನ್ನ ಹತ್ರ ಏನೂ ಇಲ್ಲ.”

“ಅದೂ ಗೊತ್ತೈತಿ.”

“ಮತ್ತ ಯಾಕ ಒಪ್ಪಿದಿ?”

ಸೋಮಣ್ಣ ತನ್ನ ಕೈಯಲ್ಲಿದ್ದ ಚಕ್ಕುಲಿ ಮುರಿದು ಅರ್ಧ ಅವನ ಕೈಗಿಟ್ಟ.

“ರೇಟು ಚಲೋ ಇತ್ತು,” ಎಂದ.